ಕೆಂಪರಾಜು ಕರ್ನಲ್ ಕಟ್ಟಿದ ಪ್ರಸಂಗ

ಹುಳಿಮಾವಿನ ಕೆರೆಯ ಹಿಂದಿನ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಗುಲಾಬಿ ಬಣ್ಣದ ಕಟ್ಟಡ ಕೆಂಪರಾಜುವಿನದು. ಪಕ್ಕದ ಹಸಿರು ಕಟ್ಟಡವೂ ಅವನದೇ. ಎರಡರ ನಡುವೆ ಗಾಳಿ ಬೆಳಕಿಗೆಂದು ಬಿಟ್ಟಿದ್ದ ಓಣಿಯಲ್ಲಿ ಎದ್ದಿರುವ ಸಪೂರ ಕಟ್ಟಡವೂ ಅವನದೇ. ಅಲ್ಲಿ ಈಗ ಗಾಳಿಯ ಬದಲು ಪಿಜಿ ಹುಡುಗರು ಓಡಾಡುತ್ತಾರೆ. ಅವನ ಅಪ್ಪ ತಿಮ್ಮರಾಯಪ್ಪ ಇದೇ ನೆಲದಲ್ಲಿ ಸೊಪ್ಪು, ಕನಕಾಂಬರ ಬೆಳೆದ. ಕೆಂಪರಾಜು ಮಹಡಿ ಬೆಳೆದ. ಅಪ್ಪನ ಬೆಳೆಗೆ ಮಳೆ ಬೇಕಿತ್ತು, ಮಗನದಕ್ಕೆ ಧೈರ್ಯ ಸಾಕಿತ್ತು.

ಪಿಯುಸಿ ಮುಗಿಸದ ಈ ಮಹಾಶಯ ಯಾವ ಇಂಜಿನಿಯರನ್ನೂ ಸೈಟಿನೊಳಗೆ ಬಿಟ್ಟವನಲ್ಲ. ಪಾಯ ತೋಡುವುದನ್ನು ಕಣ್ಣಾರೆ ನೋಡದ ವಸ್ತು ತನ್ನದಲ್ಲ ಎಂಬುದೇ ಅವನ ತತ್ತ್ವಶಾಸ್ತ್ರದ ಆದಿ ಮತ್ತು ಅಂತ್ಯ. ರೆಡಿಮೇಡ್ ಬಾಗಿಲು ಕಂಡರೆ ಮೈ ಉರಿಯುತ್ತದೆ. ರೆಡಿಮಿಕ್ಸ್ ಲಾರಿ ಬೀದಿಗೆ ಬಂದರೆ ಮುಖ ತಿರುಗಿಸುತ್ತಾನೆ.

ಇಂಥ ವೀರನ ಒಬ್ಬಳೇ ಮಗಳು ಶೃತಿ, ಜಯನಗರದ ಶ್ರೀಕರನನ್ನು ಮೆಚ್ಚಿ ಮದುವೆಯಾದಳು. ಶ್ರೀಕರ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಗೆ ಕೈ ಹಾಕಿ ರಿಪೇರಿ ಮಾಡುವ ಕೆಲಸದವನು, ಮಾತು ಕಡಿಮೆ. ಆ ಕೊರತೆಯನ್ನು ಅವನ ಅಪ್ಪ ರಾಮಪ್ರಸಾದರು ತುಂಬಿಕೊಡುತ್ತಾರೆ. ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಜುಬ್ಬ, ಅದಕ್ಕಿಂತ ಹೆಚ್ಚು ಇಸ್ತ್ರಿ ಮಾಡಿದ ಮಾತು. ಬೈದವರಿಗೆ ತಿರುಗಿ ಬೈಯಬಹುದು. ರಾಮಪ್ರಸಾದರು ಬೈಯುವುದಿಲ್ಲ, ಯೋಗಕ್ಷೇಮ ವಿಚಾರಿಸುತ್ತಾರೆ. "ಇನ್ನೊಂದು ಮಹಡಿ ಎತ್ತಿದಿರಂತೆ ಬೀಗರೇ? ಮೇಲೆ ಓಡಾಡೋ ವಿಮಾನಗಳಿಗೇನೂ ತೊಂದರೆ ಇಲ್ಲ ತಾನೇ?" ಕೆಂಪರಾಜು ಹಲ್ಲು ಕಿರಿಯುತ್ತಿದ್ದ, ಮನೆಗೆ ಬಂದು ಗೋಡೆಗೆ ನೀರು ಹೊಡೆಯುತ್ತಿದ್ದ.

ಶೃತಿ ಬಸುರಿಯಾದಾಗ ಎರಡೂ ಮನೆಯಲ್ಲಿ ಒಂದು ತಣ್ಣನೆಯ ಯುದ್ಧ ಶುರುವಾಯಿತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುವುದು ಕೆಂಪರಾಜುವಿನ ಹೆಂಡತಿ ಗೌರಮ್ಮನ ಪಕ್ಷ. ಅವಳಾಗಲೇ ಹಳೇ ಮೆತ್ತನೆ ಸೀರೆಗಳನ್ನು ಒಗೆದು ಮಡಚಿಟ್ಟಿದ್ದಳು, ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದಳು, ಒಣಕೊಬ್ಬರಿ, ಅಂಟು, ಮೆಣಸು, ಬೆಳ್ಳುಳ್ಳಿ ಗೋಪುರವಾಗಿ ಪೇರಿಸಿದ್ದಳು. "ಜಯನಗರದಲ್ಲೇ ಇರಲಿ, ಡಾಕ್ಟರು ಹತ್ತಿರ, ಅಲ್ಲಿ ಕೆರೆ ಸೊಳ್ಳೆ ಬೇರೆ" ಎನ್ನುವುದು ಶ್ರೀಕರನ ತಾಯಿ ಸೀತಾಲಕ್ಷ್ಮಿಯವರ ಪಕ್ಷ. ಯಾರೂ ಜೋರಾಗಿ ಹೇಳಲಿಲ್ಲ. ಯಾರೂ ಬಿಟ್ಟುಕೊಡಲೂ ಇಲ್ಲ. ಶೃತಿಯನ್ನು ಯಾರೂ ಕೇಳಲಿಲ್ಲ.

ಸೀಮಂತದ ಊಟ ಜಯನಗರದಲ್ಲಿ. ಗಂಡಸರ ಪಂಕ್ತಿಯಲ್ಲಿ ಶ್ರೀಕರನ ಕೆಲಸದ ಮಾತು ಬಂತು. ಕೆಂಪರಾಜು ನಿಜವಾದ ಆಸಕ್ತಿಯಿಂದಲೇ ಕೇಳಿದ:

"ಅಲ್ಲಾ ಶ್ರೀಕರ್, ಈ ಆಪರೇಟಿಂಗ್ ಸಿಸ್ಟಮ್ ಅಂತೀರಲ್ಲ, ಅದನ್ನ ಒಬ್ನೇ ಕೂತು ಪಾಯದಿಂದ ಕಟ್ಬೋದಾ?"

ಶ್ರೀಕರ ಬಾಯಿ ತೆರೆಯುವ ಮೊದಲೇ ರಾಮಪ್ರಸಾದರು ಮುಗುಳ್ನಕ್ಕರು. "ಬೀಗರೇ, ಅದಕ್ಕೆ ಸೆಂಟ್ರಿಂಗ್ ಹೊಡೆಯೋಕೆ ಬರಲ್ಲ. ಓದಿ ತಿಳ್ಕೊಳ್ಳೋ ವಸ್ತು ಅದು."

ಪಂಕ್ತಿ ನಕ್ಕಿತು. ಅದೇನೂ ದೊಡ್ಡದಲ್ಲ. ಆದರೆ ಹಸಿರು ಬಳೆ ತೊಟ್ಟು ಎದುರಿಗೇ ಹಸೆಯ ಮೇಲೆ ಕೂತಿದ್ದ ಶೃತಿಯೂ ನಕ್ಕಳು. "ಅಪ್ಪಾ, ಸುಮ್ನೆ ಪಾಯಸ ತಿನ್ನು" ಎಂದಳು.

ಹಿಂದೆ ರಾಜರು ದಾಳ ಕೈಗೆತ್ತಿಕೊಳ್ಳುವಾಗ ಮುಖದಲ್ಲಿ ಎಂಥ ಕಳೆ ಇರುತ್ತಿತ್ತೋ ಗೊತ್ತಿಲ್ಲ. ಕೆಂಪರಾಜುವಿನ ಮುಖದಲ್ಲಿ ಮೀಸೆಗೆ ಪಾಯಸ ಅಂಟಿತ್ತು. "ಬೀಗರೇ, ಕಟ್ತೀನಿ. ಮಣ್ಣಿಂದ ಎತ್ತಿ ಕಟ್ತೀನಿ. ಅದು ಸ್ಟಾರ್ಟ್ ಆದ್ರೆ ಬಾಣಂತನ ಹುಳಿಮಾವಲ್ಲಿ."

"ಆಗದಿದ್ರೆ?"

"ನಿಮ್ಮನೇಲಿ. ಗೌರಮ್ಮ ಒಂದು ಮಾತೂ ಆಡಲ್ಲ."

ರಾಮಪ್ರಸಾದರು ಎಲೆ ಮಡಚಿ "ಒಪ್ಪಿದೆ" ಎಂದರು. ಗೌರಮ್ಮ ಒಳಗೆ ಹೆಂಗಸರ ಜೊತೆ ಒಬ್ಬಟ್ಟು ತಿನ್ನುತ್ತಿದ್ದಳು. ಅವಳಿಗೆ ಸುದ್ದಿ ಗೊತ್ತಾದದ್ದು ವಾಪಸು ಬರುವಾಗ, ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ.

"ನನ್ನ ಬಾಣಂತನ ಪಣಕ್ಕಿಡೋಕೆ ನೀವ್ಯಾರ್ರೀ?"

"ನಿಂದೆಲ್ಲಿ ಬಂತು? ಮಗಳದಲ್ವಾ?"

"ನೀರು ಎರಿಯೋಳು ನಾನು. ನೀವೇನು ಹಂಡೆ ಹೊರ್ತೀರಾ?"

ಸಿಗ್ನಲ್ ಹಸಿರಾಯಿತು. ಕೆಂಪರಾಜು ಬದುಕಿಕೊಂಡ.

ಯಾರೋ ಪಿಜಿ ಹುಡುಗ ಬಿಟ್ಟುಹೋಗಿದ್ದ ಕಂಪ್ಯೂಟರೊಂದು ತಾರಸಿ ಕೋಣೆಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಪ್ರತಿಷ್ಠಾಪನೆಯಾಯಿತು. ಒಳ್ಳೆ ದಿನ ನೋಡಿ ಗುದ್ದಲಿ ಪೂಜೆಯೂ ಆಯಿತು. ಗುದ್ದಲಿಯ ಬದಲು ಕೀಬೋರ್ಡಿಗೆ ಅರಿಶಿನ ಕುಂಕುಮ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಮೊದಲಿನಿಂದ ಕಟ್ಟುವುದು ಹೇಗೆಂದು ಪುಣ್ಯಾತ್ಮರು ಯಾರೋ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಬರೆದಿಟ್ಟಿದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ತಂದ. ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಕನ್ನಡದಲ್ಲಿ ಅದಕ್ಕೊಂದು ಬೈಗುಳ ಸೇರಿಸಿ, ಮುಂದಿನ ಸಾಲಿಗೆ ಹೋಗುವುದು ಅವನ ಅಧ್ಯಯನ ಕ್ರಮ.

ಪಿಜಿಯ ರೇವಂತ್ ಒಂದು ದಿನ ಬಟ್ಟೆ ಒಣಹಾಕಲು ಬಂದವನು ಇಣುಕಿ ನೋಡಿದ. ಅವನು ಇಂಜಿನಿಯರು.

"ಅಂಕಲ್, ಇದೆಲ್ಲಾ ಯಾಕೆ? ಪೆನ್‌ಡ್ರೈವ್ ಹಾಕಿ, ನಾಕು ಸಲ ನೆಕ್ಸ್ಟ್ ಒತ್ತಿದ್ರೆ ಲಿನಕ್ಸ್ ರೆಡಿ."

"ಅದು ಬೇರೆಯವ್ರು ಕಟ್ಟಿದ ಮನೆ. ನೀನು ಕಟ್ಟಿದ್ದೀಯೇನೋ ಯಾವತ್ತಾದ್ರೂ?"

"ಇಲ್ಲ ಅಂಕಲ್."

"ಮತ್ತೆ ಆಫೀಸಲ್ಲಿ ಏನ್ ಮಾಡ್ತೀಯ?"

"ಆ್ಯಪ್‌ನಲ್ಲಿ ಬಟನ್ ಬಣ್ಣ ಚೇಂಜ್ ಮಾಡ್ತೀನಿ."

"ಪೇಂಟರ್ ಅಂತ ಹೇಳು" ಎಂದ ಕೆಂಪರಾಜು. ರೇವಂತ್ ಬಕೆಟ್ ಎತ್ತಿಕೊಂಡು ಇಳಿದ.

ಆದರೆ ನಿಜ ಹೇಳಬೇಕು, ಕೆಂಪರಾಜುವಿಗೆ ವಿದ್ಯೆ ಹತ್ತಿತು. ಪಂಡಿತರು ಕರಿಹಲಗೆಯ ಮೇಲೆ ಬರೆದು ಒದ್ದಾಡುವ ಸಂಗತಿಗಳನ್ನು ಅವನು ಪಿಜಿ ನಡೆಸಿಯೇ ಕಲಿತಿದ್ದ. ಸಿಸ್ಟಮ್ಮಿನ ತಿರುಳಾದ ಕರ್ನಲ್ ಎಂದರೆ ಓನರು: ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅವನನ್ನು ಕೇಳದೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಪ್ರೋಸೆಸ್, ಅಂದರೆ ಓಡುತ್ತಿರುವ ಒಂದೊಂದು ಪ್ರೋಗ್ರಾಮೂ, ಬಾಡಿಗೆ ಹುಡುಗ. ಬೆಳಿಗ್ಗೆ ಒಂದೇ ಬಚ್ಚಲಿಗೆ ಇಡೀ ಮಹಡಿಯ ಹುಡುಗರು ಟವೆಲ್ ಸುತ್ತಿಕೊಂಡು ನಿಂತಾಗ, ಒಬ್ಬೊಬ್ಬನಿಗೂ ಚೂರು ಹೊತ್ತು ಕೊಟ್ಟು ಬಾಗಿಲು ಬಡಿದು ಹೊರಗೆಳೆಯುವುದೇ ಶೆಡ್ಯೂಲಿಂಗ್. ಇನ್ನು ಮೆಮೊರಿ. ಇಡೀ ಸಂಪು ನಿನಗೊಬ್ಬನಿಗೇ ಎಂದು ಪ್ರತಿಯೊಬ್ಬನಿಗೂ ಪ್ರತ್ಯೇಕವಾಗಿ ಹೇಳಿ, ಎಲ್ಲರನ್ನೂ ನಂಬಿಸುವ ಕಲೆ. ಆ ಅಧ್ಯಾಯ ಓದಿ ಕೆಂಪರಾಜು ಸ್ಪೈರಲ್ ಪುಸ್ತಕವನ್ನು ಕಣ್ಣಿಗೊತ್ತಿಕೊಂಡ. ಈ ಸುಳ್ಳನ್ನು ಅವನು ವರ್ಷಗಳಿಂದ ಹೇಳುತ್ತಿದ್ದ. ಅದಕ್ಕೆ ಇಷ್ಟು ಗೌರವದ ಹೆಸರಿದೆ ಎಂದು ಗೊತ್ತಿರಲಿಲ್ಲ.

ಕಟ್ಟುವ ಕೆಲಸ ಮಾತ್ರ ಅವನ ಸೊಕ್ಕು ಮುರಿಯಿತು. ಇಲ್ಲಿ ಮರಳು ಸಿಮೆಂಟೆಲ್ಲ ಸೋರ್ಸ್ ಕೋಡ್, ಅಂದರೆ ಯಾರೋ ಬರೆದ ಬರಹ. ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಮೇಸ್ತ್ರಿಯ ಹೆಸರು ಕಂಪೈಲರ್. ಆ ಮೇಸ್ತ್ರಿಯನ್ನೂ ಇಲ್ಲೇ ಹುಟ್ಟಿಸಬೇಕು! ಹಳೇ ಮೇಸ್ತ್ರಿ ಹೊಸ ಮೇಸ್ತ್ರಿಯನ್ನು ಮಾಡಬೇಕು, ಆ ಹೊಸಬ ತನ್ನನ್ನೇ ಇನ್ನೊಮ್ಮೆ ಮಾಡಿಕೊಳ್ಳಬೇಕು. ಇದೆಲ್ಲ ಆಗುವ ತನಕ ಕೂತುಕೊಳ್ಳಲು ಮೊದಲೇ ಒಂದು ರೆಡಿಮೇಡ್ ಸಿಸ್ಟಮ್ ಬೇಕು. ಅದನ್ನು ಕೆಂಪರಾಜು ಶೆಡ್ ಎಂದು ಕರೆದ. ಸೈಟಿನ ಮೂಲೆಯಲ್ಲಿ ವಾಚ್‌ಮನ್‌ಗೆ ಹಾಕಿಕೊಡುವ ತಗಡಿನ ಶೆಡ್.

ಪ್ರತಿಯೊಂದು ಸಾಮಾನು ಕಟ್ಟುವ ಮೊದಲು ಯಂತ್ರ ಒಂದು ವಿಚಾರಣೆ ನಡೆಸುತ್ತದೆ. ಅದಿದೆಯೇ? ಇದೆ. ಇದಿದೆಯೇ? ಇದೆ. ಇನ್ನೊಂದಿದೆಯೇ? ಇಲ್ಲ. ಹೆಣ್ಣು ನೋಡಲು ಬಂದ ಬೀಗರಂತೆ ಉದ್ದಕ್ಕೂ ತಲೆಯಾಡಿಸಿ, ಕೊನೆಯಲ್ಲಿ ಯಾವುದೋ ಒಂದು ಕೊಂಕು ತೆಗೆದು ಎದ್ದು ಹೋಗುತ್ತದೆ. ಕೆಂಪರಾಜು ಬೇಡಿಕೊಂಡ, ಗದರಿದ, ತಪ್ಪು ಹುಡುಕಿದ. ಒಂದು ಕಡೆ ಒಂದು ಚುಕ್ಕೆ ಬಿಟ್ಟಿದ್ದ. ಮತ್ತೆ ಮೊದಲಿನಿಂದ. ಊಟದ ಹೊತ್ತಿಗೆ ಕೆಳಗಿನಿಂದ ಗೌರಮ್ಮನ ದನಿ: "ಏನ್ರೀ, ಮೋಲ್ಡ್ ಬಿತ್ತೋ, ಇನ್ನೂ ಜಲ್ಲೀನೇ ಹೊರ್ತಿದ್ದೀರೋ?" ಹೀಗೆ ಅವನು ಬಡಕಲಾದ. ಬೀದಿಯವರಿಗೆ ಅದು ನಿತ್ಯ ಮನರಂಜನೆ. ಟ್ಯಾಂಕಿನ ಪಕ್ಕ ಕೂತು ಅವನು ಯಂತ್ರಕ್ಕೆ ಬೈಯುವುದು ಎದುರು ಮನೆಯ ಟಿವಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು.

ಕೊನೆಗೆ ಕರ್ನಲ್ಲಿನ ಸರದಿ. ಅದನ್ನು ಕಟ್ಟುವಾಗ ಒಂದೊಂದು ಡ್ರೈವರನ್ನೂ, ಅಂದರೆ ಡಿಸ್ಕು, ಪರದೆ, ಮೌಸುಗಳನ್ನು ಮಾತಾಡಿಸಬಲ್ಲ ಒಂದೊಂದು ಆಳನ್ನೂ, ತೋರಿಸಿ ಯಂತ್ರ ಕೇಳುತ್ತದೆ: ಇದನ್ನು ಗೋಡೆಯೊಳಗೇ ಸೇರಿಸಿ ಕಟ್ಟಲೋ, ಬೇರೆ ಇಟ್ಟು ಬೇಕಾದಾಗ ತರಿಸಿಕೊಳ್ಳಲೋ? ಕೆಂಪರಾಜುವಿಗೆ ನಗು ಬಂತು. ಬಾಡಿಗೆ ಮನೆ ಕಟ್ಟುವವನಿಗೆ ಇದನ್ನು ಕೇಳಬೇಕೇ? ಮಂಚ, ಬೀರು, ಗೀಸರ್ ಯಾವುದನ್ನಾದರೂ ಅವನು ಗೋಡೆಗೆ ಸೇರಿಸಿ ಕಟ್ಟಿದ್ದುಂಟೇ? ಎಲ್ಲಾ ಸ್ಟೋರ್ ರೂಮಿನಲ್ಲಿ. ಹುಡುಗ ಬಂದು ಕೇಳಿದರೆ ಮೇಲೆ ಹೋಗುತ್ತದೆ, ಕೇಳದಿದ್ದರೆ ಇಲ್ಲ. ಹಾಗೇ ಎಲ್ಲ ಡ್ರೈವರುಗಳನ್ನೂ ಬೇರೆ ಇಡಿಸಿದ. ಕರ್ನಲ್ ತೆಳ್ಳಗೆ, ಮದುವೆ ಗಂಡಿನಂತೆ ಹೊರಬಂತು.

ರೇವಂತ್ ಮತ್ತೆ ಬಟ್ಟೆ ತಂದಿದ್ದ. "ಸೂಪರ್ ಅಂಕಲ್! ಆನ್ ಮಾಡಿ, ಒಂದ್ಸಲ ನೋಡೇಬಿಡೋಣ."

ಕೆಂಪರಾಜು ಅವನನ್ನು ಮ್ಲೇಚ್ಛನನ್ನು ನೋಡುವಂತೆ ನೋಡಿದ. "ಗೃಹಪ್ರವೇಶಕ್ಕೆ ಮುಂಚೆ ಹೊಸ ಮನೆ ಒಳಗೆ ಹೋಗಿ ಮಲ್ಕೊಂಡು ಏಳ್ತಾರೇನೋ?"

"ಅಂಕಲ್, ಇದು ಮನೆ ಅಲ್ಲ."

"ಭಾನುವಾರ ಬೀಗರು ಬರ್ತಾರೆ. ಹಾಲು ಉಕ್ಕಿಸಿ ಆಮೇಲೇ ಆನ್ ಮಾಡೋದು."

"ಸರಿ, ಹಳೇ ಸಿಸ್ಟಮ್ ಆದ್ರೂ ಇರ್ಲಿ ಅಂಕಲ್. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅದರಿಂದ ಒಳಗೆ ಹೋಗಿ ಸರಿಮಾಡ್ಬೋದು."

ಅದೂ ಆಗದು. ಗೃಹಪ್ರವೇಶದ ದಿನ ಅಂಗಳದಲ್ಲಿ ತಗಡಿನ ಶೆಡ್ ನಿಂತಿರುವುದೇ? ಬೀಗರು ನೋಡಿ "ಯಾರದೋ ಮನೆಗೆ ಆತುಕೊಂಡು ಕಟ್ಟಿದ್ದೀರಿ" ಎಂದರೆ? ಕೆಂಪರಾಜು ಕೊನೆಯ ಸಲ ಆ ಶೆಡ್ಡಿನಲ್ಲೇ ಕೂತು, ಅದನ್ನು ಡಿಸ್ಕಿನಿಂದ ಪೂರ್ತಿ ಒರೆಸಿಹಾಕಿದ. ಆಮೇಲೆ ಸ್ವಿಚ್ ಆರಿಸಿ, ಯಂತ್ರಕ್ಕೆ ಹೊಸ ಟವೆಲ್ ಹೊದಿಸಿದ.

ಭಾನುವಾರ ಬೆಳಿಗ್ಗೆ ಹಾಲ್‌ಗೆ ಇಳಿದುಬಂದ ಕಂಪ್ಯೂಟರಿಗೆ ಮಾವಿನ ತೋರಣ, ಚೆಂಡುಹೂವಿನ ಹಾರ, ಮುಂದೆ ರಂಗೋಲಿ. ರಾಮಪ್ರಸಾದರು ಹಾರ ನೋಡಿ, "ಯಾರದು, ಹಿರಿಯರದಾ?" ಎಂದು ಮೆಲ್ಲಗೆ ಕೇಳಿದರು. ಸೀತಾಲಕ್ಷ್ಮಿಯವರು ಫ್ಯಾನಿನ ಕೆಳಗೆ ಕೂತು ಒಂದು ಸೊಳ್ಳೆಗಾಗಿ ಕಾದರು. ಶೃತಿ ಸೋಫಾದಲ್ಲಿ ಕಾಲು ಚಾಚಿ ಕೂತಳು. ಗೌರಮ್ಮ ಪಕ್ಕದಲ್ಲೇ ಒಲೆ ಹಚ್ಚಿದಳು. ಹಾಲು ಸರಿಯಾಗಿ ಪೂರ್ವಕ್ಕೆ ಉಕ್ಕಿತು. ಅವಳ ಪಾಲಿನ ಕೆಲಸದಲ್ಲಿ ಲೋಪವಿಲ್ಲ.

ಕೆಂಪರಾಜು ಇಷ್ಟದೇವರನ್ನೆಲ್ಲ ನೆನೆದು ಬಟನ್ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಏರಿದವು. ಶ್ರೀಕರ ಮುಂದಕ್ಕೆ ಬಾಗಿದ, ಅವನ ಹುಬ್ಬು ನಿಜವಾಗಿಯೂ ಮೇಲೇರಿತು. ಶೃತಿ ಎದ್ದು ಕೂತು, "ಅಪ್ಪಾ! ಬರ್ತಿದೆ!" ಎಂದಳು. ಆ ಒಂದು ಉಸಿರಿನಷ್ಟು ಹೊತ್ತು ಕೆಂಪರಾಜು ತನ್ನ ಕಟ್ಟಡಗಳೆಲ್ಲದಕ್ಕಿಂತ ಎತ್ತರದಲ್ಲಿದ್ದ.

ಅಕ್ಷರಗಳು ನಿಂತವು.

ರಾಮಪ್ರಸಾದರು ಕನ್ನಡಕ ಹಾಕಿಕೊಂಡು ಕೊನೆಯ ಸಾಲು ಓದಿದರು. "ಕರ್ನಲ್ ಪ್ಯಾನಿಕ್ ಅಂತ ಇದೆ. ಗಾಬರಿಯಾಗಿದೆ ಬೀಗರೇ. ಪಾಪ, ಹೊಸ ಜಾಗ."

ಶ್ರೀಕರ ತಗ್ಗಿದ ದನಿಯಲ್ಲಿ ಹೇಳಿದ: "ಮಾವ, ಡಿಸ್ಕ್ ಓದೋ ಡ್ರೈವರನ್ನ ಬೇರೆ ಇಡಿಸ್ಬಿಟ್ಟಿದ್ದೀರ. ಅದು ಇರೋದು ಡಿಸ್ಕ್ ಒಳಗೇ. ಡಿಸ್ಕ್ ಓದೋಕೆ ಡ್ರೈವರ್ ಬೇಕು, ಡ್ರೈವರ್ ತರೋಕೆ ಡಿಸ್ಕ್ ಓದ್ಬೇಕು. ಕೀ ಮನೆ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗಾಗಿದೆ. ಚಿಕ್ಕದು, ಹಳೇ ಸಿಸ್ಟಮ್ ಇಂದ ಹೋಗಿ ಸರಿಮಾಡೋಣ. ಎಲ್ಲಿದೆ?"

"ಕೆಡವ್ಬಿಟ್ಟೆ."

"ಒಂದ್ಸಲನೂ ಆನ್ ಮಾಡಿ ನೋಡ್ಲಿಲ್ವಾ?"

"ಗೃಹಪ್ರವೇಶ ಆಗಿರ್ಲಿಲ್ಲ."

ಶ್ರೀಕರ ಮುಖ ಆಚೆ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿರಲಿಲ್ಲ.

ಈಗ ರಾಮಪ್ರಸಾದರ ಸೌಜನ್ಯ ಶಿಖರ ಮುಟ್ಟಿತು. "ಬಿಡಿ ಬೀಗರೇ. ಊಟದ ಮುಂದೆ ಆಡಿದ ಮಾತು. ತಾಯಿ ಮಗು ಇಲ್ಲೇ ಇರಲಿ. ನಾವೇನು ಅಷ್ಟು ಕಟುಕರೇ? ನಿಮ್ಮ ಆಸೆಗೆ ಯಾಕೆ ಅಡ್ಡ ಬರೋಣ."

ಗೌರಮ್ಮನ ಮುಖ ಅರಳಿತು. ಕೆಂಪರಾಜು ಹಲ್ಲು ಕಿರಿದು ತಲೆಯಾಡಿಸಿದ್ದರೆ ಮುಗಿದಿತ್ತು. ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಆದರೆ ಅಷ್ಟು ದಿನ ತಾರಸಿಯಲ್ಲಿ ಬೆಂದವನಿಗೆ ಅವತ್ತೇ ಸ್ವಾಭಿಮಾನ ಎದ್ದು ನಿಂತಿತು.

"ಭಿಕ್ಷೆ ಬೇಡ. ಸೋತಿದ್ದೀನಿ. ನಿಮ್ಮನೇಲೇ ಆಗ್ಲಿ."

"ಅಪ್ಪಾ!" ಎಂದಳು ಶೃತಿ.

"ಮಾತು ಅಂದ್ರೆ ಮಾತು" ಎಂದರು ಸೀತಾಲಕ್ಷ್ಮಿ, ಕೆಂಪರಾಜು ಬಾಯಿ ಮುಚ್ಚುವ ಮೊದಲೇ.

ಗೌರಮ್ಮ ಒಲೆ ಆರಿಸಿದಳು. ಗಂಡ ಮಾತು ಕೊಟ್ಟಿದ್ದಂತೆಯೇ ಅವಳು ಒಂದು ಮಾತೂ ಆಡಲಿಲ್ಲ. ಅವತ್ತೂ ಆಡಲಿಲ್ಲ, ಮರುದಿನವೂ ಇಲ್ಲ. ಹೆರಿಗೆಯಾಗಿ ಶೃತಿ ಹೆಣ್ಣುಮಗುವಿನೊಂದಿಗೆ ಜಯನಗರಕ್ಕೆ ಹೋದ ದಿನ, ಗೌರಮ್ಮ ಗೂಡ್ಸ್ ಆಟೋ ಕರೆಸಿ ಹಂಡೆ, ಸೀರೆ ಗಂಟು, ಸಾಂಬ್ರಾಣಿ, ಅಂಟು, ಮೂಟೆ ಬೆಳ್ಳುಳ್ಳಿ ಏರಿಸಿ, ತಾನೂ ಮುಂದೆ ಹತ್ತಿ ಕೂತಳು. ಬಾಣಂತನ ಎಲ್ಲಿ ಎಂದು ಪಣವಾಗಿತ್ತೇ ಹೊರತು ಯಾರು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಬೆಳ್ಳುಳ್ಳಿ ಹೊಸ್ತಿಲು ದಾಟದ ಅಡುಗೆಮನೆ ಅದು. ಗೌರಮ್ಮ ಮೊದಲ ದಿನವೇ ಸುಲಿದು, ಜಜ್ಜಿ, ತುಪ್ಪದಲ್ಲಿ ಹುರಿದಳು. ಸೀತಾಲಕ್ಷ್ಮಿಯವರು "ಗೌರಮ್ಮನವರೇ, ನಮ್ಮಲ್ಲಿ ಇದು..." ಎಂದು ಶುರುಮಾಡಿದರು. "ಹಾಲು ಬರ್ಬೇಕಲ್ವಾ ಅಮ್ಮ?" ಎಂದಳು ಗೌರಮ್ಮ. ಮೊಮ್ಮಗಳ ಹಾಲಿಗೆ ಅಡ್ಡ ಬರುವ ಅಜ್ಜಿ ಯಾರು? ಮೇಕೆ ಕಾಲ್ ಸೂಪಿನ ಮಾತು ಎದ್ದ ದಿನ ಸೀತಾಲಕ್ಷ್ಮಿಯವರು ಗ್ಯಾಸ್ ಸ್ಟೌ, ಸೌಟು, ಸಾಮ್ರಾಜ್ಯ ಎಲ್ಲ ಬಿಟ್ಟು ದೇವರ ಮನೆ ಸೇರಿಕೊಂಡರು. ಸಾಂಬ್ರಾಣಿ ಹೊಗೆಯಲ್ಲಿ ರಾಮಪ್ರಸಾದರ ಇಸ್ತ್ರಿ ಜುಬ್ಬಗಳು ಬಣ್ಣ ಕಳಕೊಂಡವು. ಅವರು ಬೆಳಗಾದರೆ ಪಾರ್ಕು, ಸಂಜೆಯಾದರೆ ಪಾರ್ಕು.

ಇತ್ತ ಕೆಂಪರಾಜುವಿಗೆ ಅಡುಗೆ ಮಾಡುವವರಿಲ್ಲ. ವಿಧಿಯಿಲ್ಲದೆ ತನ್ನದೇ ಪಿಜಿಯ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಂತ. ಜೀವನದಲ್ಲಿ ಮೊದಲ ಸಲ ಆ ಸಾಂಬಾರು ಬಾಯಿಗಿಟ್ಟ. "ಹೆಂಗಿದೆ ಅಂಕಲ್?" ಎಂದ ರೇವಂತ್. ಇಡೀ ಹಾಲ್ ಉತ್ತರಕ್ಕಾಗಿ ಕಾಯಿತು. ಕೆಂಪರಾಜು ನುಂಗಿ, ನೀರು ಕುಡಿದು, ತಾರಸಿ ಹತ್ತಿದ.

ಅಲ್ಲಿ ಪೆನ್‌ಡ್ರೈವಿನಿಂದ ಒಳಹೊಕ್ಕು ಕೆಟ್ಟದ್ದನ್ನು ರಿಪೇರಿ ಮಾಡುವುದು ಈಗಲೂ ಅವನಿಗೆ ಬೇಡ. ಹೊಸ ಶೆಡ್ ಹಾಕಿ, ಪಾಯದಿಂದ ಮತ್ತೆ ಎತ್ತಿದ. ಈ ಸಲ ಡಿಸ್ಕಿನ ಆಳನ್ನು ಕರ್ನಲ್ಲಿನ ಗೋಡೆಯೊಳಗೇ ಕೂರಿಸಿದ. ಒಂದು ಮಧ್ಯಾಹ್ನ, ಹಾಲಿಲ್ಲ, ತೋರಣವಿಲ್ಲ, ನೋಡುವವರಿಲ್ಲ, ಬಟನ್ ಒತ್ತಿದ. ಅಕ್ಷರಗಳು ಏರಿದವು, ಗಾಬರಿಯಾಗದೆ ನಿಂತವು. ಯಾರು ನೀನು, ಹೆಸರು ಹೇಳು ಎಂದು ಯಂತ್ರ ಕೇಳಿತು. ಪಕ್ಕದಲ್ಲೊಂದು ಗೆರೆ ಮಿಟುಕುತ್ತಿತ್ತು.

ಹೆಂಡತಿಗೆ ಫೋನ್ ಮಾಡಿದ. "ಮಗು ಮಲಗಿದೆ, ಕಿರುಚ್ಬೇಡಿ" ಎಂದು ಅವಳು ಇಟ್ಟಳು. ಬೀಗರಿಗೆ ಮಾಡಿದ. ಪಾರ್ಕಿನ ಬೆಂಚಿನಿಂದ ರಾಮಪ್ರಸಾದರು ಪೂರ್ತಿ ಕೇಳಲೂ ಇಲ್ಲ. "ಸ್ಟಾರ್ಟ್ ಆಯ್ತಾ? ಹಾಗಾದ್ರೆ ಗೆದ್ರಿ ಬೀಗರೇ! ನಾನು ಒಪ್ಪಿದ್ದೀನಿ. ಈಗಲೇ ಬನ್ನಿ, ಎಲ್ಲಾರ್ನೂ ಕರ್ಕೊಂಡು ಹೋಗಿ. ಹಂಡೆ ಮಾತ್ರ ಮರೀಬೇಡಿ."

ದಿಗ್ವಿಜಯಕ್ಕೆ ಹೊರಟವನಂತೆ ಕೆಂಪರಾಜು ಕಾರು ತೊಳೆಸಿಕೊಂಡು ಜಯನಗರಕ್ಕೆ ಬಂದ. ಗೌರಮ್ಮ ಬಾಗಿಲಲ್ಲೇ ನಿಲ್ಲಿಸಿದಳು. "ಬಾಣಂತೀನ ನಡುವೆ ಎಬ್ಬಿಸಿ ಊರು ಸುತ್ತಿಸ್ತಾರಾ? ಮುಗಿಯೋ ಗಂಟ ಇಲ್ಲೇ."

"ಗೆದ್ದೆ ಕಣೇ!"

"ಗೆದ್ರೆ ಗೆಲ್ಲಿ. ಊಟಕ್ಕೆ ಪಿಜಿ ಇದೆಯಲ್ಲ." ಒಳಗಿನಿಂದ ಶೃತಿಯ ನಗು ಕೇಳಿಸಿತು. ಬಾಗಿಲು ಮುಚ್ಚಿತು.

ಕೆಂಪರಾಜು ಪಾರ್ಕಿಗೆ ನಡೆದು ಬೀಗರ ಪಕ್ಕ ಕೂತ. ಬೇರೆ ಕೇಳುಗರಿಲ್ಲದ ಕಾರಣ ಅವರಿಗೇ ಶೆಡ್ಯೂಲಿಂಗು, ಮೆಮೊರಿ, ಡ್ರೈವರು ಎಲ್ಲವನ್ನೂ ಪಾಯದಿಂದ ವಿವರಿಸಿದ. ಎದ್ದು ಹೋಗಲು ಮನೆಯಿಲ್ಲದ ರಾಮಪ್ರಸಾದರು ಅಷ್ಟನ್ನೂ ಕೇಳಿದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಬೀಗರೇ, ನಿಮ್ಮ ಪಿಜಿಯಲ್ಲಿ ಮಂಚ ಏನಾದ್ರೂ ಖಾಲಿ ಇದೆಯಾ? ಒಂದಷ್ಟು ದಿನಕ್ಕೆ."

ಕೆಂಪರಾಜು ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಮುಖದ ಮೇಲೆ ಇಸ್ತ್ರಿ ಮಾಡಿದಂಥ ನಗು ಮೂಡಿತು.

"ಕ್ಷಮಿಸ್ಬೇಕು ಬೀಗರೇ. ಫ್ಯಾಮಿಲಿಯವ್ರಿ‌ಗೆ ಕೊಡಲ್ಲ."